ಸೇದದವರ ಎದೆಗಿಳಿಯುವ ಹೊಗೆ

ನನ್ನ ದೊಡ್ಡಮ್ಮ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಮುಂಬೈ ಬಳಿಯ ಡೊಂಬಿವಲಿಯ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಒಂದೇ ಕೋಣೆಯ ಖೋಲಿಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವರು. ಕೆಮ್ಮು ಬಿಡದೆ ಆಸ್ಪತ್ರೆಗೆ ಹೋದಾಗ ವೈದ್ಯರು ಮೊದಲು ಕೇಳಿದ್ದು, "ಮನೆಯಲ್ಲಿ ಯಾರು ಸೇದುತ್ತಾರೆ?" ಎಂದು. "ನಾನು ಕಿಟಕಿಯ ಹತ್ತಿರ ನಿಂತೇ ಸೇದುವುದು" ಎಂದರು ದೊಡ್ಡಪ್ಪ.

ಅವರು ಕಿಟಕಿಯಿಂದಾಚೆ ಊದುತ್ತಿದ್ದದ್ದು ನಿಜ. ಆದರೆ ಖೋಲಿಯಲ್ಲಿ ತುಂಬುವ ಹೊಗೆಯ ಬಹುಪಾಲು ಬಾಯಿಂದ ಬರುವುದೇ ಇಲ್ಲ; ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುವ ತುದಿಯಿಂದ ಬರುತ್ತದೆ. ದಮ್ಮು ಎಳೆದಾಗ ಆ ಕೆಂಡದ ಶಾಖ ಸುಮಾರು 900 ಡಿಗ್ರಿ ಸೆಲ್ಸಿಯಸ್. ಬಿಟ್ಟಾಗ 600ರ ಆಸುಪಾಸಿಗೆ ಇಳಿಯುತ್ತದೆ. ಹಸಿ ಸೌದೆಯಂತೆ ತಂಬಾಕು ಅರೆಬರೆ ಸುಡುತ್ತದೆ. ಕಾರ್ಬನ್ ಮಾನಾಕ್ಸೈಡ್, ಅಮೋನಿಯಾ, ಕ್ಯಾನ್ಸರ್ ತರುವ ನೈಟ್ರೋಸಮೈನ್‌ಗಳು ಆಗಲೇ ಹೆಚ್ಚು ಹುಟ್ಟುತ್ತವೆ. ಸೇದುವವರಿಗಾದರೂ ನಡುವೆ ಫಿಲ್ಟರ್ ಇದೆ. ಚಾಪೆಯ ಮೇಲೆ ಕುಳಿತು ಅಕ್ಕಿ ಆರಿಸುವವರಿಗೆ ಏನಿದೆ? ಮಳೆಗಾಲದಲ್ಲಿ ಗ್ಯಾಲರಿಗೆ ಇರಚಲು ಹೊಡೆಯುವುದರಿಂದ ಆ ಕಿಟಕಿಯೂ ಮುಚ್ಚಿರುತ್ತದೆ.

ಇಂಥ ಹೆಂಡತಿಯರ ಮೇಲೆ ಮೊದಲು ಕಣ್ಣು ಹಾಯಿಸಿದವರಲ್ಲಿ ಜಪಾನಿನ ಸಂಶೋಧಕ ತಾಕೇಶಿ ಹಿರಾಯಾಮ ಒಬ್ಬರು. ಸಿಗರೇಟು ಸೇದದ ತೊಂಬತ್ತೊಂದು ಸಾವಿರಕ್ಕೂ ಹೆಚ್ಚು ಗೃಹಿಣಿಯರನ್ನು ವರ್ಷಗಟ್ಟಲೆ ಗಮನಿಸಿ, ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯ ಹೆಚ್ಚುವುದನ್ನು 1981ರಲ್ಲಿ ತೋರಿಸಿದರು. ತಂಬಾಕು ಕಂಪನಿಗಳು ಅವರ ಮೇಲೆ ಮುಗಿಬಿದ್ದವು. ಮುಂದಿನ ಅಧ್ಯಯನಗಳು ಅವರ ಮಾತನ್ನೇ ಎತ್ತಿಹಿಡಿದವು. ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿ ಸರ್ಜನ್ ಜನರಲ್ ಅವರ 2006ರ ವರದಿಯ ಪ್ರಕಾರ, ಬೇರೆಯವರ ಹೊಗೆ ಉಸಿರಾಡುವ ಸೇದದವರಿಗೆ ಈ ಕ್ಯಾನ್ಸರ್‌ನ ಅಪಾಯ ಶೇ. 20ರಿಂದ 30ರಷ್ಟು, ಹೃದ್ರೋಗದ ಅಪಾಯ ಶೇ. 25ರಿಂದ 30ರಷ್ಟು ಏರುತ್ತದೆ. ಹೃದಯಕ್ಕೆ ವರ್ಷಗಳೇ ಬೇಕಿಲ್ಲ: ಅಲ್ಪಕಾಲ ಹೊಗೆ ಕುಡಿದರೂ ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್) ಅಂಟಂಟಾಗಿ, ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ.

ನನಗೆ ಹೆಚ್ಚು ಸಂಕಟವಾಗುವುದು ಮಕ್ಕಳ ವಿಷಯದಲ್ಲಿ. ಅವರ ಉಸಿರಾಟದ ವೇಗ ನಮ್ಮದಕ್ಕಿಂತ ಹೆಚ್ಚು, ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಉಬ್ಬಸ, ನ್ಯುಮೋನಿಯಾ, ಕಿವಿಯ ಸೋಂಕು ಅವರನ್ನು ಬೇಗ ಹಿಡಿಯುತ್ತವೆ.

ಸಾರ್ವಜನಿಕ ಸ್ಥಳಗಳ ಧೂಮಪಾನ ನಿಷೇಧದ ನಿಯಮ 2008ರ ಅಕ್ಟೋಬರ್ 2ರಿಂದ ಬಿಗಿಯಾಯಿತು. ಮನೆಯ ಹೊಸಿಲನ್ನು ಅದು ದಾಟಲಿಲ್ಲ. ದೊಡ್ಡಪ್ಪ ಮಾಟುಂಗದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಇಡೀ ದಿನ ತಡೆದುಕೊಂಡು, ರಾತ್ರಿ ಲೋಕಲ್ ಹಿಡಿದು ಮನೆ ಸೇರಿ, ಮಲಗಿದ್ದ ಮೊಮ್ಮಗನ ಪಕ್ಕದಲ್ಲಿ ಕಡ್ಡಿ ಗೀರುತ್ತಿದ್ದರು.