ಸೆಂಟರ್ ಅಂಕ ಹೊಡೀತಾನೆ, ಆದರೂ ತಂಡ ಯಾಕೆ ಸೋಲ್ತದೆ?

ಓದುಗರ ಪ್ರಶ್ನೆ: ನಮ್ಮ ಬಾಸ್ಕೆಟ್‌ಬಾಲ್ ತಂಡದ ಸೆಂಟರ್ (ರಿಂಗ್ ಹತ್ತಿರ ಆಡುವ ಎತ್ತರದ ಆಟಗಾರ) ಆರಡಿ ನಾಲ್ಕಿಂಚು ಇದ್ದಾನೆ. ಕಳೆದ ವರ್ಷ ರಿಂಗ್ ಕೆಳಗೆ ಬಾಲ್ ಕೊಟ್ಟರೂ ಹಾಕಲಿಕ್ಕೆ ಬರ್ತಿರಲಿಲ್ಲ. ಈಗ ಹುಕ್ ಶಾಟ್ (ಪಕ್ಕಕ್ಕೆ ತಿರುಗಿ ಒಂದೇ ಕೈಯಲ್ಲಿ ತಲೆ ಮೇಲಿಂದ ಹಾಕೋದು) ಬಂದಿದೆ, ಫ್ರೀ ಥ್ರೋ ಬೀಳ್ತದೆ, ಪಂದ್ಯಕ್ಕೆ 16-18 ಅಂಕ ಗ್ಯಾರಂಟಿ. ಆದರೆ ಎದುರಿನವರು ಅವನ ಮೇಲೇ ನುಗ್ಗಿ ರಿಂಗ್ ಹತ್ತಿರದಿಂದ ಲೇ-ಅಪ್ ಹಾಕ್ತಾರೆ. ಅವನನ್ನು ಕೂರಿಸಿ ಅಂತ ಅರ್ಧ ಜನ, ಅವನಿಲ್ಲದಿದ್ರೆ ಅಂಕ ಹೊಡೆಯುವವರ್ಯಾರು ಅಂತ ಇನ್ನರ್ಧ ಜನ. ಯಾರದ್ದು ಸರಿ? (ಶಿರಸಿ)

ಉತ್ತರ: ಶಿರಸಿಯಿಂದ ಮಾತ್ರವಲ್ಲ, ಕಾರವಾರ, ಕುಮಟಾ, ದಾಂಡೇಲಿಯಿಂದಲೂ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿರುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಕೂರಿಸಬೇಡಿ, ಅವನು ನಿಲ್ಲುವ ಜಾಗ ಬದಲಿಸಿ.

ವಾದ ಮಾಡುವ ಎರಡೂ ಕಡೆಯವರು ಬೆಳಗಿನ ಜಾವ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ನೋಡಿ, ಅಲ್ಲಿ ಕೇಳಿದ ಮಾತನ್ನೇ ಸಂಜೆ ನಮ್ಮ ಅಂಕಣಕ್ಕೆ ತರುತ್ತಾರೆ. ಎರಡು ಕಡೆಯ ನಿಯಮ ಬೇರೆ. ಎನ್‌ಬಿಎಯಲ್ಲಿ 2001-02ರಿಂದ ಡಿಫೆನ್ಸಿವ್ ತ್ರೀ ಸೆಕೆಂಡ್ಸ್ ನಿಯಮವಿದೆ. ಎದುರಾಳಿ ಕೈಯಳತೆಯಲ್ಲಿಲ್ಲದಿದ್ದರೆ ರಕ್ಷಕ ಪೇಂಟ್‌ನೊಳಗೆ (ರಿಂಗ್ ಎದುರಿನ ಆಯತದೊಳಗೆ) ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಹಾಗಾಗಿ ಅಲ್ಲಿ ದೊಡ್ಡ ಆಳೂ ಒಳಗೆ ಹೊರಗೆ ಓಡಾಡುತ್ತಲೇ ಇರಬೇಕು. ಕಾಲು ನಿಧಾನವಾಗಿದ್ದರೆ ಬಣ್ಣ ಬಯಲಾಗುತ್ತದೆ. ನಮ್ಮಲ್ಲಿ ಆಡುವುದು ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದ ಪ್ರಕಾರ. ಇದರಲ್ಲಿ ಮೂರು ಸೆಕೆಂಡಿನ ಲೆಕ್ಕ ದಾಳಿ ಮಾಡುವವನಿಗೆ ಮಾತ್ರ. ರಕ್ಷಕ ಆ 4.9 ಮೀಟರ್ ಅಗಲ, 5.8 ಮೀಟರ್ ಉದ್ದದ ಆಯತದಲ್ಲಿ ಒಂದು ದಾಳಿಗಿರುವ 24 ಸೆಕೆಂಡ್ ಪೂರ್ತಿ ನಿಂತರೂ ರೆಫರಿ ಸೀಟಿ ಊದುವುದಿಲ್ಲ. ಕಾಲು ನಿಧಾನವಿರುವ ಆರಡಿ ನಾಲ್ಕಿಂಚಿನ ಹುಡುಗನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಅದನ್ನು ಬಿಟ್ಟು ಅವನನ್ನು ತ್ರೀ ಪಾಯಿಂಟ್ ಗೆರೆಯವರೆಗೆ ಓಡಿಸಿ, ಆಮೇಲೆ ಡಿಫೆನ್ಸ್ ಬರುವುದಿಲ್ಲ ಎಂದು ಬೈಯುವುದು ನ್ಯಾಯವಲ್ಲ.

ಇನ್ನು, ದಾಳಿ ಸುಧಾರಿಸಿದ ವರ್ಷವೇ ರಕ್ಷಣೆ ಕೆಟ್ಟಂತೆ ಕಾಣುವುದು ಕಾಕತಾಳೀಯವಲ್ಲ, ಒಂದರಿಂದಲೇ ಇನ್ನೊಂದು ಬರುತ್ತದೆ. ಮೊದಲು ಅವನು ಸ್ಕ್ರೀನ್ ಹಾಕಿ (ಜೊತೆಗಾರನನ್ನು ಕಾಯುವವನ ದಾರಿಗೆ ಅಡ್ಡ ನಿಂತು) ಸುಮ್ಮನಿರುತ್ತಿದ್ದ. ಈಗ ಪ್ರತಿ ದಾಳಿಯಲ್ಲೂ ಲೋ ಪೋಸ್ಟ್‌ನಲ್ಲಿ (ರಿಂಗ್ ಪಕ್ಕದ ಜಾಗದಲ್ಲಿ) ಬೆನ್ನು ಕೊಟ್ಟು ಎದುರಾಳಿಯನ್ನು ತಳ್ಳುತ್ತಾನೆ. ಅಲ್ಲೇ ಅರ್ಧ ಉಸಿರು ಹೋಯಿತು. ಶಾಟ್ ತಪ್ಪಿದಾಗ ಐದು ಜನರಲ್ಲಿ ತನ್ನ ರಿಂಗ್‌ನಿಂದ ಅತಿ ದೂರ ಇರುವವನೂ ಅವನೇ. ಅಂಕಣದ ಉದ್ದ 28 ಮೀಟರ್. ಎದುರಿನ ಗಾರ್ಡ್ (ಬಾಲ್ ನಡೆಸುವ ಚುರುಕು ಆಟಗಾರ) ರೀಬೌಂಡ್ (ತಪ್ಪಿ ಪುಟಿದ ಬಾಲ್) ಹಿಡಿದು ಓಡಿದರೆ ಇವನು ಅರ್ಧ ಗೆರೆ ಮುಟ್ಟುವಾಗ ಅಲ್ಲಿ ಲೇ-ಅಪ್ ಬಿದ್ದಿರುತ್ತದೆ. ಹುಕ್ ಶಾಟ್ ಬಿಟ್ಟು, ಅದು ಬೀಳುತ್ತದೋ ಇಲ್ಲವೋ ಎಂದು ಒಂದು ಕ್ಷಣ ನೋಡುತ್ತಾ ನಿಲ್ಲುವ ಚಟವೂ ಹೊಸದಾಗಿ ಅಂಕ ಹೊಡೆಯಲು ಕಲಿತವರಿಗೆ ಬಂದೇ ಬರುತ್ತದೆ.

ಮೂರನೆಯ ಕಾರಣವನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಫಿಬಾದಲ್ಲಿ ಐದು ಫೌಲಿಗೆ ಆಟಗಾರ ಹೊರಗೆ. ಎನ್‌ಬಿಎಯ ಹಾಗೆ ಆರಲ್ಲ. ಅವನೇ ತಂಡದ ಮುಖ್ಯ ಅಂಕದಾತನಾದ ಮೇಲೆ ಬೆಂಚಿನಿಂದ ‘ಫೌಲ್ ಮಾಡಬೇಡ, ಫೌಲ್ ಮಾಡಬೇಡ’ ಎಂಬ ಕೂಗು ಶುರುವಾಗುತ್ತದೆ. ಎರಡನೇ ಕ್ವಾರ್ಟರ್‌ನಲ್ಲೇ ಎರಡು ಫೌಲ್ ಆದರೆ ಹುಡುಗ ಮೈ ಕಾಪಾಡಿಕೊಳ್ಳುತ್ತಾನೆ, ಬಾಲ್ ಹಿಡಿದು ಬಂದವನಿಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ನೋಡುವವರು ಸೋಮಾರಿ ಎನ್ನುತ್ತಾರೆ. ಅವನು ಪಾಲಿಸುತ್ತಿರುವುದು ಕೋಚ್ ಹೇಳಿದ ಮಾತನ್ನೇ.

ಹಾಗಾದರೆ ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಅಂಕಪಟ್ಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬ್ಲಾಕ್ ಎಷ್ಟು ಎಂಬ ಲೆಕ್ಕವಂತೂ ದಾರಿ ತಪ್ಪಿಸುತ್ತದೆ. ಪ್ರತಿ ಫೇಕ್‌ಗೂ (ಶಾಟ್ ಹೊಡೆಯುವ ಸೋಗಿಗೂ) ಹಾರುವವನಿಗೆ ಪಂದ್ಯಕ್ಕೆ ಎರಡು ಬ್ಲಾಕ್ ಸಿಗಬಹುದು, ಜೊತೆಗೆ ಆರು ಲೇ-ಅಪ್ ಬಿಟ್ಟುಕೊಟ್ಟಿರುತ್ತಾನೆ. ಬೆಂಚಿನಲ್ಲಿ ಕೂತವರೊಬ್ಬರ ಕೈಗೆ ನೋಟ್‌ಬುಕ್ ಕೊಡಿ. ಸೆಂಟರ್ ಅಂಕಣದಲ್ಲಿರುವಾಗ ಎದುರಿನವರು ನಮ್ಮ ಪೇಂಟ್‌ನೊಳಗಿಂದ ಹೊಡೆದ ಪ್ರತಿ ಶಾಟ್‌ಗೂ ಒಂದು ಸಾಲು: ಬಿತ್ತೋ ಇಲ್ಲವೋ, ಹೇಗೆ ಬಂತು. ‘ಹೇಗೆ’ ಎಂಬಲ್ಲಿ ಐದೇ ಗುರುತು ಸಾಕು: ಸ್ಕ್ರೀನ್ ಆದ ಮೇಲೆ ನುಗ್ಗಿದ್ದು, ಫೇಕ್‌ಗೆ ಹಾರಿದ್ದು, ಓಡಿ ವಾಪಸ್ ಬರಲಿಲ್ಲ, ರೀಬೌಂಡ್ ಬಿಟ್ಟದ್ದು, ಮತ್ತು ಗಾರ್ಡ್‌ನ ತಪ್ಪು. ಅವನು ಬೆಂಚಿನಲ್ಲಿರುವಾಗಲೂ ಇದನ್ನೇ ಬರೆಯಿರಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಮೂರು ನಾಲ್ಕು ಪಂದ್ಯ ಆಗುವವರೆಗೆ ತೀರ್ಮಾನಕ್ಕೆ ಬರಬೇಡಿ.

ಐದನೇ ಗುರುತನ್ನು ಮರೆಯಬಾರದು. ಮೇಲೆ, ಅಂದರೆ ರಿಂಗ್‌ನಿಂದ ದೂರದಲ್ಲಿ, ನಮ್ಮ ಗಾರ್ಡ್ ಸ್ಕ್ರೀನ್‌ಗೆ ಸಿಕ್ಕಿ ಅಲ್ಲೇ ನಿಂತುಬಿಟ್ಟರೆ ಕೆಳಗೆ ಸೆಂಟರ್ ಒಬ್ಬನ ಮೇಲೆ ಇಬ್ಬರು ಬರುತ್ತಾರೆ. ಬಾಲ್ ಹಿಡಿದವನ ಕಡೆ ಹೋದರೆ ಪಾಸ್, ರೋಲ್ ಮಾಡಿದವನ (ಸ್ಕ್ರೀನ್ ಹಾಕಿ ರಿಂಗ್ ಕಡೆ ತಿರುಗಿ ಓಡಿದವನ) ಜೊತೆ ಉಳಿದರೆ ಲೇ-ಅಪ್. ಕೊನೆಗೆ ಕಣ್ಣಿಗೆ ಬೀಳುವುದು ರಿಂಗ್ ಕೆಳಗೆ ಕೈ ಎತ್ತಿ ನಿಂತ ಸೆಂಟರ್ ಮಾತ್ರ. ನಮ್ಮ ಅಂದಾಜಿನಲ್ಲಿ ‘ಸೆಂಟರ್ ಡಿಫೆನ್ಸ್ ಸರಿ ಇಲ್ಲ’ ಎಂಬ ಬಹಳಷ್ಟು ದೂರುಗಳು ಶುರುವಾಗುವುದು ಹತ್ತು ಹೆಜ್ಜೆ ಮೇಲೆ, ಗಾರ್ಡ್‌ನ ಹತ್ತಿರ.

ಈಗ ಜಾಗದ ವಿಚಾರಕ್ಕೆ ಬರೋಣ. ಪಿಕ್ ಅಂಡ್ ರೋಲ್ (ಈಗ ಹೇಳಿದ ಸ್ಕ್ರೀನ್ ಮತ್ತು ರೋಲ್‌ನ ಜೋಡಿಯಾಟ) ಎದುರಿಸಲು ಸೆಂಟರ್‌ಗೆ ಮುಖ್ಯವಾಗಿ ಮೂರು ದಾರಿ. ಸ್ಕ್ರೀನ್‌ನಿಂದ ಹೊರಗೆ ಹಾರಿ ಬಾಲ್ ತಡೆದು ವಾಪಸ್ ಓಡುವುದು ಹೆಡ್ಜ್. ಆಳು ಬದಲಿಸಿಕೊಳ್ಳುವುದು ಸ್ವಿಚ್. ಹಿಂದೆ ಸರಿದು ರಿಂಗ್ ಕಾಯುವುದು ಡ್ರಾಪ್. ಮೊದಲ ಎರಡೂ ವೇಗದ ಕಾಲು ಕೇಳುತ್ತವೆ, ನಿಮ್ಮ ಹುಡುಗನಿಗೆ ಹೇಳಿದ್ದಲ್ಲ. ಡ್ರಾಪ್‌ನಲ್ಲಿ ಅವನು ಸ್ಕ್ರೀನ್‌ಗಿಂತ ಎರಡು ಮೂರು ಮೀಟರ್ ಕೆಳಗೆ, ಬಾಲ್ ಮತ್ತು ರಿಂಗ್ ನಡುವೆ, ಮಂಡಿ ಬಗ್ಗಿಸಿ ನಿಲ್ಲಬೇಕು. ಒಂದು ಕೈ ಬಾಲ್ ಕಡೆ, ಇನ್ನೊಂದು ರೋಲ್ ಮಾಡುವವನಿಗೆ ಹೋಗುವ ಪಾಸಿನ ದಾರಿಯಲ್ಲಿ. ಗಾರ್ಡ್ ಡ್ರಿಬಲ್ ನಿಲ್ಲಿಸಿ ಬಾಲ್ ಎತ್ತಿಕೊಳ್ಳುವವರೆಗೆ ಯಾರ ಕಡೆಗೂ ಪೂರ್ತಿ ಹೋಗಬಾರದು; ಇಬ್ಬರಲ್ಲಿ ಯಾರೂ ತನ್ನ ಬೆನ್ನ ಹಿಂದೆ ದಾಟದಂತೆ ಹಿಂದಕ್ಕೆ ಹಿಂದಕ್ಕೆ ಸರಿಯಬೇಕು. ನಮ್ಮ ಗಾರ್ಡ್ ಸ್ಕ್ರೀನ್ ಮೇಲಿನಿಂದ ಸುತ್ತಿ ಬಾಲ್ ಹಿಡಿದವನ ಬೆನ್ನು ಹತ್ತಬೇಕು. ಆಗ ಅವನಿಗೆ ಉಳಿಯುವುದು ಫ್ರೀ ಥ್ರೋ ಗೆರೆಯ ಆಸುಪಾಸಿನ ಜಂಪ್ ಶಾಟ್, ಅದೂ ಓಡುತ್ತಾ. ಆ ಶಾಟ್ ಬಿಟ್ಟುಕೊಡಿ. ಅಲ್ಲಿಂದ ಹತ್ತರಲ್ಲಿ ಐದು ಹಾಕುವ ಗಾರ್ಡ್ ಎದುರಿಗೆ ಸಿಕ್ಕಿದ ದಿನ ಯೋಜನೆ ಬದಲಿಸಿದರಾಯಿತು.

ಇದು ಬರೀ ಪುಸ್ತಕದ ಮಾತಲ್ಲ ಎನ್ನಲು ಬ್ರೂಕ್ ಲೋಪೆಜ್ ಸಾಕು. ಎನ್‌ಬಿಎಯ ನೆಟ್ಸ್ ತಂಡದಲ್ಲಿ ಅವರು ಅಂಕ ಹೊಡೆಯುವ ಸೆಂಟರ್, 2013ರಲ್ಲಿ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದವರು. ಏಳು ಅಡಿ ದಾಟಿದ ಎತ್ತರಕ್ಕೆ ರೀಬೌಂಡ್ ಸಾಲದು, ಕಾಲು ನಿಧಾನ ಎಂಬುದೇ ಅವರ ಮೇಲಿನ ಸ್ಥಿರ ಆಕ್ಷೇಪ. 2018ರಲ್ಲಿ ಮಿಲ್ವಾಕಿ ಬಕ್ಸ್‌ಗೆ ಬಂದಾಗ ವಯಸ್ಸು 30. ಆ ವಯಸ್ಸಿನಲ್ಲಿ ಯಾರ ಕಾಲೂ ಚುರುಕಾಗುವುದಿಲ್ಲ. ಕೋಚ್ ಮೈಕ್ ಬುಡೆನ್‌ಹೋಲ್ಜರ್ ಅವರನ್ನು ರಿಂಗ್ ಹತ್ತಿರ ಡ್ರಾಪ್‌ನಲ್ಲಿ ನಿಲ್ಲಿಸಿದರು, ಗಾರ್ಡ್‌ಗಳಿಗೆ ಬೆನ್ನಟ್ಟಲು ಹೇಳಿದರು. 2020ರಲ್ಲಿ ಲೋಪೆಜ್ ಆಲ್-ಡಿಫೆನ್ಸಿವ್ (ವರ್ಷದ ಅತ್ಯುತ್ತಮ ರಕ್ಷಕರ) ಎರಡನೇ ತಂಡದಲ್ಲಿದ್ದರು, 2023ರಲ್ಲಿ ಮೊದಲ ತಂಡದಲ್ಲಿ. ಆ ವರ್ಷದ ಶ್ರೇಷ್ಠ ರಕ್ಷಕ ಪ್ರಶಸ್ತಿಯ ಮತದಾನದಲ್ಲಿ ಎರಡನೇ ಸ್ಥಾನ. ಡೆನ್ವರ್ ತಂಡದ ಸೆಂಟರ್ ನಿಕೊಲಾ ಯೊಕಿಚ್ ಮತ್ತೊಂದು ಬಗೆ. ಎತ್ತರಕ್ಕೆ ಹಾರಿ ಬ್ಲಾಕ್ ಮಾಡುವವರಲ್ಲ, ಆದರೆ ಕೈ ಬಲು ಚುರುಕು. ಡೆನ್ವರ್ ಅವರನ್ನು ಹೆಚ್ಚಾಗಿ ಸ್ಕ್ರೀನ್‌ನ ಮಟ್ಟದವರೆಗೆ ಮುಂದೆ ತಂದು, ಹಿಂದಿನ ಜಾಗವನ್ನು ಉಳಿದವರಿಂದ ತುಂಬಿಸಿತು, 2023ರಲ್ಲಿ ಚಾಂಪಿಯನ್ ಆಯಿತು. ತಿರುಗುಮುರುಗಾದದ್ದೂ ಉಂಟು. 2015ರ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರ ಆಯ್ಕೆಯಲ್ಲಿ) ಮೂರನೆಯವರಾಗಿ ಆಯ್ಕೆಯಾದ ಜಹಲಿಲ್ ಓಕಾಫೋರ್ ಮೊದಲ ಋತುವಿನಲ್ಲೇ ಪಂದ್ಯಕ್ಕೆ ಸರಾಸರಿ 17.5 ಅಂಕ ಹೊಡೆದರೂ 2017ರ ಕೊನೆಗೆ ಫಿಲಡೆಲ್ಫಿಯಾ ಅವರನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತು.

ನಮ್ಮ ಕಡೆ ಹಲವು ತಂಡಗಳು ಸೆಂಟರ್‌ನ ದೌರ್ಬಲ್ಯ ಮುಚ್ಚಲು 2-3 ಝೋನ್‌ಗೆ (ಆಳಿನ ಬದಲು ಜಾಗ ಕಾಯುವ ರಕ್ಷಣೆ: ಮೇಲೆ ಇಬ್ಬರು, ರಿಂಗ್ ಹತ್ತಿರ ಮೂವರು) ಹೋಗುತ್ತವೆ. ತಪ್ಪಲ್ಲ, ಆದರೆ ಅದು ಒಡೆಯುವ ಜಾಗ ಗೊತ್ತಿರಲಿ. ಎದುರಿನವರು ಫ್ರೀ ಥ್ರೋ ಗೆರೆಯ ನಡುವಿಗೆ ಒಬ್ಬನನ್ನು ತಂದು ಬಾಲ್ ಕೊಡುತ್ತಾರೆ. ಸೆಂಟರ್ ಆಸೆಪಟ್ಟು ಮೇಲೆ ಬಂದ ಕೂಡಲೇ ಬೇಸ್‌ಲೈನ್ ಕಡೆಯಿಂದ ಇನ್ನೊಬ್ಬ ರಿಂಗ್ ಕೆಳಗೆ ನುಸುಳುತ್ತಾನೆ. ಮಧ್ಯದಲ್ಲಿ ಬಾಲ್ ಹಿಡಿದವನಿಗೆ ಶಾಟ್ ಬರುವುದಿಲ್ಲ ಎಂದು ಗೊತ್ತಿದ್ದರೆ ಸೆಂಟರ್ ಅಲ್ಲಾಡಬಾರದು. ಮೇಲಿನ ಇಬ್ಬರಲ್ಲಿ ಒಬ್ಬ ಇಳಿದು ಮುಚ್ಚಬೇಕು. ಝೋನ್‌ನಲ್ಲಿ ರೀಬೌಂಡ್‌ಗೂ ಪೆಟ್ಟು ಬೀಳುತ್ತದೆ, ಯಾಕೆಂದರೆ ಯಾರು ಯಾರನ್ನು ಬಾಕ್ಸ್ ಔಟ್ ಮಾಡಬೇಕು (ಬೆನ್ನಿನಿಂದ ತಡೆದು ಬಾಲ್‌ನಿಂದ ದೂರ ಇಡಬೇಕು) ಎಂಬುದು ಹಂಚಿಕೆಯಾಗಿರುವುದಿಲ್ಲ. ಶಾಟ್ ಹೋದ ಕ್ಷಣ ಬಾಲ್ ನೋಡದೆ ಹತ್ತಿರದ ಮೈ ಹುಡುಕಿ, ಮುಂಗೈ ತಾಗಿಸಿ, ತಿರುಗಿ, ಆಮೇಲೆ ಮೇಲೆ ನೋಡುವುದನ್ನು ರೂಢಿಸಬೇಕು. ಕಡಲಗಾಳಿಗೆ ತುಕ್ಕು ಹಿಡಿದು ಬಾಗಿದ ರಿಂಗ್‌ಗಳಲ್ಲಿ ಬಾಲ್ ಯಾವ ಕಡೆ ಪುಟಿಯುತ್ತದೆ ಎಂದು ಊಹಿಸುವುದಕ್ಕಿಂತ ಮೈ ಹಿಡಿಯುವುದು ಖಾತ್ರಿ.

ಅಭ್ಯಾಸದಲ್ಲಿ ಮೊದಲು ಸರಿ ಮಾಡಬೇಕಾದದ್ದು ಕೈ ಮತ್ತು ಹಾರುವ ಹೊತ್ತು. ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ನೇರ ಮೇಲೆತ್ತಿ ನಿಲ್ಲಿಸಿ. ಹಾಗೆಯೇ ನೆಟ್ಟಗೆ ಜಿಗಿಯಲಿ. ಮುಂಗೈ ಗೋಡೆ ಬಿಟ್ಟರೆ ಅಲ್ಲಿ ಪಂದ್ಯದಲ್ಲಿ ಫೌಲ್ ಆಗುತ್ತಿತ್ತು ಎಂದರ್ಥ. ನಿಂತ ಜಾಗದಲ್ಲೇ ಕೈ ನೆಟ್ಟಗೆ ಇಟ್ಟು ಹಾರಿದವನಿಗೆ ದಾಳಿಗಾರ ಬಂದು ಡಿಕ್ಕಿ ಹೊಡೆದರೆ ಫೌಲ್ ಇವನದ್ದಲ್ಲ. ಎಂಟರಂತೆ ಮೂರು ಸುತ್ತು ಸಾಕು. ಸಿಮೆಂಟ್ ನೆಲದಲ್ಲಿ ಅದಕ್ಕಿಂತ ಹೆಚ್ಚು ಹಾರಿಸಿದರೆ ಮಂಡಿ ಕೇಳುವುದಿಲ್ಲ. ನಂತರ ಜೊತೆಗಾರನಿಂದ ರಿಂಗ್ ಕೆಳಗೆ ಪಂಪ್ ಫೇಕ್ ಮಾಡಿಸಿ, ಕೆಲವೊಮ್ಮೆ ಒಂದು, ಕೆಲವೊಮ್ಮೆ ಎರಡು. ಎದುರಿನವನ ಪಾದ ನೆಲ ಬಿಡುವವರೆಗೆ ಇವನ ಪಾದವೂ ನೆಲ ಬಿಡಬಾರದು. ಕಬಡ್ಡಿಯಲ್ಲಿ ರೈಡರ್ ಸುಮ್ಮನೆ ಕಾಲು ಚಾಚಿ ಆಸೆ ತೋರಿಸಿದಾಗಲೇ ಹಾರಿ ಸಿಕ್ಕಿಬೀಳುವ ಕಾರ್ನರ್ ಆಟಗಾರನನ್ನು ನೋಡಿದ್ದೀರಲ್ಲ, ಅದೇ ಕಥೆ. ಎತ್ತರವಿದ್ದವನು ಎರಡನೆಯವನಾಗಿ ಹಾರಿದರೂ ಬಾಲ್‌ಗೆ ಕೈ ಸಿಗುತ್ತದೆ.

ಅದಾದ ಮೇಲೆ ಇಬ್ಬರ ಎದುರು ಒಬ್ಬ: ಗಾರ್ಡ್ ಮತ್ತು ರೋಲ್ ಮಾಡುವವನ ವಿರುದ್ಧ ಸೆಂಟರ್ ಒಬ್ಬನೇ ಡ್ರಾಪ್ ಆಡಲಿ, ಹತ್ತು ಸಲ. ಜಂಪ್ ಶಾಟ್ ಹೊಡೆಸಿದರೆ ಬಿದ್ದರೂ ಅವನ ಗೆಲುವು, ಲೇ-ಅಪ್ ಹೊಡೆಸಿದರೆ ತಪ್ಪಿದರೂ ಅವನ ಸೋಲು. ಕೊನೆಗೆ ಓಟ: ಒಂದು ರಿಂಗ್ ಕೆಳಗೆ ಹುಕ್ ಶಾಟ್ ಬಿಟ್ಟ ತಕ್ಷಣ, ಬಾಲ್ ನೋಡದೆ, ಇನ್ನೊಂದು ಪೇಂಟ್‌ಗೆ. ಆರು ಸಲ. ಕೆಲವರು ಇದನ್ನು ಟಾಗೋರ್ ಕಡಲತೀರದ ಒಣ ಮರಳಿನಲ್ಲಿ ಮಾಡಿಸುತ್ತಾರೆ. ಮೀನಖಂಡ ಗಟ್ಟಿಯಾಗುತ್ತದೆ, ನಿಜ. ಆದರೆ ಪಾದ ಹೂತು ನೆಲ ಬಿಡಲು ತಡವಾಗುವುದರಿಂದ ಚುರುಕು ಬರುವುದಿಲ್ಲ. ವೇಗಕ್ಕೆ ಗಟ್ಟಿ ನೆಲವೇ ಆಗಬೇಕು. ಜೂನ್‌ನಿಂದ ಹೊರಗಿನ ಅಂಕಣ ಪಾಚಿ ಕಟ್ಟಿ ಜಾರುತ್ತದೆ. ಗೋಡೆಯ ಜಿಗಿತ, ಫೇಕ್, ಬಾಕ್ಸ್ ಔಟ್ ಮೂರಕ್ಕೂ ಒಂದು ಸಭಾಭವನದ ಮೂಲೆ ಸಾಕಾಗುತ್ತದೆ, ಮಳೆಗಾಲ ವ್ಯರ್ಥ ಮಾಡಬೇಡಿ.

ಬಾಯಿಯೂ ಬೇಕು. ಎಲ್ಲರ ಹಿಂದೆ ನಿಂತವನಿಗೆ ಇಡೀ ಅಂಕಣ ಕಾಣುತ್ತದೆ, ಸ್ಕ್ರೀನ್ ಎಡಕ್ಕೆ ಬರುತ್ತಿದೆಯೋ ಬಲಕ್ಕೋ ಎಂದು ಕೂಗುವುದು ಅವನ ಕೆಲಸ. ಕಾರವಾರದ ತಂಡದಲ್ಲಿ ಒಬ್ಬ ಕೊಂಕಣಿಯಲ್ಲಿ, ಇನ್ನೊಬ್ಬ ಕನ್ನಡದಲ್ಲಿ, ಮತ್ತೊಬ್ಬ ಇಂಗ್ಲಿಷಿನಲ್ಲಿ ಕೂಗುವ ಸಾಧ್ಯತೆ ಇರುವುದರಿಂದ ಯಾವುದಾದರೂ ಒಂದಕ್ಕೆ ಮೊದಲೇ ಒಪ್ಪಿಕೊಳ್ಳಿ.

ಬಳಸುವ ಲೆಕ್ಕ: ಕರಾವಳಿಯ ಸೆಕೆಯಲ್ಲಿ ಸೆಂಟರ್‌ನನ್ನು ಒಂದೇ ಉಸಿರಿಗೆ ಹತ್ತು ನಿಮಿಷ ಆಡಿಸಬೇಡಿ. ಐದಾರು ನಿಮಿಷಕ್ಕೆ ಎರಡು ನಿಮಿಷ ಬಿಡುವು ಕೊಟ್ಟರೆ ವಾಪಸ್ ಓಡುವ ಕಾಲು ಉಳಿಯುತ್ತದೆ.

ಉಳಿದದ್ದು ಕೊನೆಯ ಎರಡು ನಿಮಿಷ. ‘ದಾಳಿಗೆ ಅವನನ್ನು ಇಳಿಸಿ, ಡಿಫೆನ್ಸ್‌ಗೆ ತೆಗೆಯಿರಿ’ ಎಂದು ಅಂಕಣದ ಹೊರಗಿನಿಂದ ಕೂಗುವವರಿಗೆ ನಿಯಮ ಅರ್ಧ ಮಾತ್ರ ಸಹಾಯ ಮಾಡುತ್ತದೆ. ನಾಲ್ಕನೇ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷದಲ್ಲಿ ಬ್ಯಾಸ್ಕೆಟ್ ಬಿದ್ದಾಗ ಗಡಿಯಾರ ನಿಲ್ಲುತ್ತದೆ, ಆಟಗಾರರನ್ನು ಬದಲಿಸುವ ಹಕ್ಕು ಅಂಕ ಬಿಟ್ಟುಕೊಟ್ಟ ತಂಡಕ್ಕೆ. ಅಂದರೆ ಎದುರಿನವರು ಹಾಕಿದಾಗ ನೀವು ಸೆಂಟರ್‌ನನ್ನು ದಾಳಿಗೆ ಒಳಗೆ ತರಬಹುದು. ಅವನೇ ಅಂಕ ಹೊಡೆದ ಮೇಲೆ ಹೊರಗೆ ತೆಗೆಯಬೇಕೆಂದರೆ ಎದುರಿನವರು ಟೈಮ್ ಔಟ್ ತೆಗೆದುಕೊಳ್ಳಬೇಕು ಅಥವಾ ಆಟಗಾರನನ್ನು ಬದಲಿಸಬೇಕು, ಇಲ್ಲವೇ ಮುಂದೆ ಫೌಲ್ ಆಗಿಯೋ ಬಾಲ್ ಹೊರಗೆ ಹೋಗಿಯೋ ಆಟ ನಿಲ್ಲುವವರೆಗೆ ಕಾಯಬೇಕು. ನಿಮ್ಮ ಟೈಮ್ ಔಟ್ ಆಗ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಆ ಒಂದು ದಾಳಿಯನ್ನು ಅವನು ಅಂಕಣದಲ್ಲಿದ್ದೇ ಎದುರಿಸಬೇಕಾಗುತ್ತದೆ. ಅಷ್ಟಕ್ಕೆ ಮೊದಲೇ ಒಂದು ಸೂಚನೆ ಕೊಟ್ಟಿಡಿ: ಶಾಟ್ ಬಿಟ್ಟ ಕೂಡಲೇ ವಾಪಸ್ ಓಡಿ ಪೇಂಟ್ ನಡುವೆ ನಿಲ್ಲು, ಕೈ ಮೇಲಿರಲಿ, ಯಾರು ಬಂದರೂ ಮೇಲೆ ಹೋಗಬೇಡ.