ಬಾಗಿಲು ಮೊದಲು, ಮನೆ ಆಮೇಲೆ

ಹೋದ ತಿಂಗಳು ಹಾಸನ ಜಿಲ್ಲೆಯ ಆಲೂರು ಕಡೆಯಿಂದ ಒಬ್ಬರು ಅಕ್ಕ ಫೋನ್ ಮಾಡಿದ್ದರು. ಎರಡು ಎಕರೆ ಜಾಗ ಇದೆ, ಕೆಡವಿದ ಮನೆಗಳ ಹಳೇ ಸಾಮಾನಿನಲ್ಲೇ ಮನೆ ಕಟ್ಟಬೇಕು, ಜೊತೆಗೆ ತರಕಾರಿ ಹಿತ್ತಲೂ ಬೇಕು, ಬೆಂಗಳೂರಿಂದ ಸ್ನೇಹಿತರು, ಕಾಲೇಜು ಹುಡುಗರು ಬಂದು ಕೂಲಿ ಇಲ್ಲದೆ ಕೆಲಸ ಮಾಡಿಕೊಡುತ್ತಾರೆ, ನೀವೊಂದು ಪ್ಲಾನ್ ಹಾಕಿಕೊಡಿ ಸರ್ ಅಂದರು. "ಬಾಗಿಲು, ಕಿಟಕಿ ತಂದಿಟ್ಟಿದ್ದೀರಾ ಅಕ್ಕ?" ಅಂತ ಕೇಳಿದೆ. "ಅದೆಲ್ಲ ಪ್ಲಾನ್ ಆದಮೇಲೆ ಅಲ್ವಾ?" ಅಂದರು.

ಹೊಸ ಸಾಮಾನಿನ ಮನೆಗೆ ಆ ಲೆಕ್ಕ ಸರಿ. ಗೋಡೆಯಲ್ಲಿ ಜಾಗ ಬಿಟ್ಟರೆ ಬಡಗಿ ಅದಕ್ಕೆ ತಕ್ಕ ಬಾಗಿಲು ಮಾಡಿಕೊಡುತ್ತಾನೆ. ಹಳೇ ಬಾಗಿಲಿನ ಅಳತೆ ಯಾವತ್ತೋ ಮುಗಿದುಹೋಗಿದೆ. ಅದಕ್ಕೆ ಗೋಡೆಯೇ ಹೊಂದಿಕೊಳ್ಳಬೇಕು. ಸಕಲೇಶಪುರ, ಮೂಡಿಗೆರೆ, ಬೇಲೂರು ಕಡೆ ಇಪ್ಪತ್ತು ವರ್ಷದಿಂದ ಮನೆ ಕಟ್ಟಿಸುತ್ತಿದ್ದೇನೆ. ಇಂಥ ಮನೆಗಳಲ್ಲಿ ದುಡ್ಡು ಹಾಳಾಗುವುದನ್ನು ನೋಡಿದ್ದು ಹೆಚ್ಚಾಗಿ ಒಂದೇ ಕಾರಣಕ್ಕೆ, ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿದ್ದಕ್ಕೆ.

ನಮ್ಮ ಕಡೆಯ ಹಳೇ ಮನೆ ಬಾಗಿಲುಗಳು ಗಿಡ್ಡ. ಐದೂವರೆ ಅಡಿ ಇದ್ದರೆ ಅದೇ ದೊಡ್ಡದು. ಈಗಿನ ಹುಡುಗರು ಆರಡಿ ಇರುತ್ತಾರೆ, ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳುತ್ತಾರೆ. ಬಾಗಿಲುವಾಡದ ಕೆಳಗೆ ಎತ್ತರದ ಕಲ್ಲಿನ ಹೊಸ್ತಿಲು ಕೊಟ್ಟರೆ ಸಮಸ್ಯೆ ಮುಗಿಯಿತು, ಆದರೆ ಅದು ಪಾಯ ಹಾಕುವಾಗಲೇ ಗೊತ್ತಿರಬೇಕು. ಗೋಡೆ ಎದ್ದಮೇಲೆ ಗೊತ್ತಾದರೆ ಒಡೆಯೋದೇ. ಅದಕ್ಕೇ ನಾನು ಹೇಳೋದು, ಮೊದಲು ಬಾಗಿಲು, ಕಿಟಕಿ, ಕಂಬ, ತೊಲೆ ತಂದು ಒಂದು ಶೆಡ್ಡಿನಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಸೀಮೆಸುಣ್ಣದಲ್ಲಿ ನಂಬರ್ ಬರೆದು, ಅಳತೆಯನ್ನು ನೋಟ್‌ಬುಕ್ಕಿಗೆ ಇಳಿಸಿ. ಪ್ಲಾನ್ ಆ ನೋಟ್‌ಬುಕ್ಕಿಂದಲೇ ಹುಟ್ಟುತ್ತೆ. ಇರುವ ತೊಲೆ ಹನ್ನೊಂದು ಅಡಿ ಅಂದರೆ ಕೋಣೆಯ ಅಗಲ ಹತ್ತು ಅಡಿ, ಅಷ್ಟೇ. ಹಾಗೇ ಬೀಟೆ, ಸಾಗವಾನಿಯಂಥ ಮರ ಕೊಂಡರೆ ರಸೀದಿ ಇಟ್ಟುಕೊಳ್ಳಿ, ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ಲಾರಿಗೆ ಏರಿಸಿ.

ಹೆಂಚಿನ ವಿಷಯದಲ್ಲಿ ನಾನೇ ಪಾಠ ಕಲಿತಿದ್ದೇನೆ. ವರ್ಷಗಳ ಹಿಂದೆ ಬೇರೆ ಬೇರೆ ಮೂರು ಮನೆಗಳಿಂದ ಹೆಂಚು ಸೇರಿಸಿ ತಂದೆ. ನೋಡೋಕೆ ಎಲ್ಲ ಮಂಗಳೂರು ಹೆಂಚೇ. ಹೊದಿಸಿದ ಮೇಲೆ ಆರಿದ್ರಾ ಮಳೆಗೆ ಮನೆಯೊಳಗೆ ಬಕೆಟ್ ಇಡುವ ಹಾಗಾಯಿತು. ಒಂದು ಕಾರ್ಖಾನೆಯ ಅಚ್ಚಿಗೂ ಇನ್ನೊಂದರ ಅಚ್ಚಿಗೂ ಒಂದೆರಡು ಕೂದಲಿನಷ್ಟು ವ್ಯತ್ಯಾಸ ಇರುತ್ತೆ, ಒಂದರ ಅಂಚಿನ ತೋಡಿನಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಬ್ಬೊಬ್ಬರದು ಒಂದೊಂದು ಅಚ್ಚು. ಹೆಂಚಿನ ಮೇಲೆ ಹೆಸರು ಇರುತ್ತಲ್ಲ, ಅದನ್ನು ಓದಿ ಬೇರೆ ಬೇರೆ ರಾಶಿ ಮಾಡಿ. ಮಾಡಿನ, ಅಂದರೆ ಚಾವಣಿಯ, ಒಂದು ಇಳಿಜಾರಿಗೆ ಒಂದೇ ಹೆಸರಿನ ಹೆಂಚು. ಇದು ಹೊಸಬರಿಗೆ ಕೊಡೋಕೆ ಬಹಳ ಒಳ್ಳೆ ಕೆಲಸ, ಮಕ್ಕಳೂ ಮಾಡುತ್ತಾರೆ. ಜೊತೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಲಿ: ಟಣ್ ಅಂದರೆ ಮಾಡಿಗೆ, ಮಂಕಾಗಿ ಸದ್ದು ಬಂದರೆ ಕೂದಲು ಬಿರುಕಿದೆ ಅಂತ ಅರ್ಥ, ಅದು ಪಕ್ಕಕ್ಕೆ.

ಲೆಕ್ಕಕ್ಕೆ ನೂರು ಚದರಡಿಗೆ ಸುಮಾರು 150 ಹೆಂಚು ಇಟ್ಟುಕೊಳ್ಳಿ. ಆದರೆ ನೆಲದ ಅಳತೆಗಲ್ಲ, ಇಳಿಜಾರಿನ ಅಳತೆಗೆ. ಮಾಡು 30 ಡಿಗ್ರಿ ಇಳಿದರೆ, ಸೂರಿನ ಚಾಚು ಸೇರಿ ಸಾವಿರ ಚದರಡಿ ಇರುವ ಮನೆಗೆ ಮೇಲೆ 1150 ಚದರಡಿ ಆಗುತ್ತೆ. ಒಡೆಯೋದಕ್ಕೆ ಅಂತ ನೂರಕ್ಕೆ ಹತ್ತು ಜಾಸ್ತಿ ಸೇರಿಸಿ. ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಹೊಡೆಯುವ ಮೊದಲು ಹನ್ನೊಂದು ಹೆಂಚನ್ನು ನೆಲದ ಮೇಲೆ ಒಂದಕ್ಕೊಂದು ಸಿಕ್ಕಿಸಿ, ಒಂದು ಸಲ ಎಳೆದು ಒಂದು ಸಲ ಒತ್ತಿ, ಮೊದಲ ಹೆಂಚಿನ ಮೇಲಂಚಿನಿಂದ ಹನ್ನೊಂದನೆಯದರ ಮೇಲಂಚಿನವರೆಗೆ ಅಳೆಯಿರಿ. ಎರಡೂ ಅಳತೆಗಳ ಸರಾಸರಿಯನ್ನು ಹತ್ತರಿಂದ ಭಾಗಿಸಿದರೆ ಸಿಗೋದೇ ನಿಮ್ಮ ರೀಪಿನ ಅಂತರ. ಬಡಗಿ "ಎಲ್ಲ ಕಡೆ ಹೀಗೇ ಹೊಡೆಯೋದು" ಅಂದರೆ ಒಪ್ಪಬೇಡಿ.

ಇಟ್ಟಿಗೆ ಕೊಳ್ಳುವ ಮುಂಚೆ ಒಂದನ್ನು ಬಿಡಿಸಿ ನೋಡಿ. ಮಣ್ಣಿನಲ್ಲೋ ಸುಣ್ಣದ ಗಾರೆಯಲ್ಲೋ ಕಟ್ಟಿದ ಗೋಡೆಯ ಇಟ್ಟಿಗೆ ಕರಣೆಯಿಂದ ತಟ್ಟಿದರೆ ಬಿಟ್ಟುಕೊಳ್ಳುತ್ತೆ. ಗಟ್ಟಿ ಸಿಮೆಂಟಿನಲ್ಲಿ ಕಟ್ಟಿದ್ದು ಹಾಗಲ್ಲ, ಸಿಮೆಂಟ್ ಬಿಡುವ ಮುಂಚೆ ಇಟ್ಟಿಗೆಯೇ ಒಡೆಯುತ್ತೆ. ಅಂದರೆ ನಮ್ಮ ಅಜ್ಜನ ಮನೆ ಕೆಡವಿದರೆ ಇನ್ನೊಂದು ಮನೆ ಹುಟ್ಟುತ್ತೆ, ನಾನು ಕಟ್ಟಿದ ಮನೆ ಕೆಡವಿದರೆ ಬರೀ ನೆಲಕ್ಕೆ ತುಂಬುವ ಗಲೀಜು. ಇದನ್ನು ನಾನೇ ಹೇಳಬೇಕಾಗಿ ಬಂದಿದ್ದು ಬೇಜಾರಿನ ವಿಷಯ.

ಇಟ್ಟಿಗೆ ಸಾಲದಿದ್ದರೆ ಕಾಲ ಕೆಳಗಿನ ಮಣ್ಣೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಶುರುವಾದ 'ಅಸ್ತ್ರ' ತಂಡದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಕೈಮಿಷನ್ನಿನಲ್ಲಿ ಒತ್ತುವ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಸಿಮೆಂಟ್ ನೂರಕ್ಕೆ ಐದರಿಂದ ಎಂಟು ಪಾಲು ಸಾಕು, ಸುಡುವ ಕೆಲಸ ಇಲ್ಲ, ನೆರಳಲ್ಲಿಟ್ಟು ಮೂರು ವಾರ ನೀರು ಹೊಡೆಯಬೇಕು. ಮಲೆನಾಡಿನ ಕೆಂಪು ಮಣ್ಣಲ್ಲಿ ಜಿಗುಟು ಜಾಸ್ತಿ, ಹಾಗೇ ಒತ್ತಿದರೆ ಒಣಗುವಾಗ ಬಿರಿಯುತ್ತೆ, ಮರಳೋ ಕಲ್ಲುಪುಡಿಯೋ ಸೇರಿಸಲೇಬೇಕು. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಮಿಕ್ಕಿದ್ದು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ಕೆಳಗೆ ಮರಳು, ನಡುವೆ ಮೆದು ಪುಡಿ, ಮೇಲೆ ಜೇಡಿ ನಿಲ್ಲುತ್ತೆ. ಮರಳು ಮೂರರಲ್ಲಿ ಎರಡು ಪಾಲು ಇದ್ದರೆ ಕೆಲಸಕ್ಕೆ ಬರುತ್ತೆ.

ಈ ಮಣ್ಣಿನಲ್ಲೇ ಮನೆಗೂ ಹಿತ್ತಲಿಗೂ ಜಗಳ. ಜೆಸಿಬಿ ಬಂದು ಅರ್ಧ ದಿನದಲ್ಲಿ ಮೇಲಿನ ಕಪ್ಪು ಮಣ್ಣನ್ನೂ ಕೆಳಗಿನ ಕೆಂಪು ಮಣ್ಣನ್ನೂ ಕಲಸಿ ಗುಡ್ಡೆ ಹಾಕಿ ಹೋಗುತ್ತೆ. ಆಮೇಲೆ ಆ ಮಣ್ಣು ಗೋಡೆಗೂ ಆಗಲ್ಲ, ಗಿಡಕ್ಕೂ ಆಗಲ್ಲ. ಯಾಕೆಂದರೆ ಗೋಡೆಯ ಮಣ್ಣಲ್ಲಿ ಬೇರು, ಗೊಬ್ಬರದ ಅಂಶ ಇರಬಾರದು, ಗಿಡಕ್ಕೆ ಬೇಕಾಗಿರೋದೇ ಅದು. ಮೇಲಿನ ಒಂದಡಿ ಮಣ್ಣನ್ನು ಮೊದಲ ದಿನವೇ ಕೆರೆದು ದೂರ ಹಾಕಿಸಿ, ಮೇಲೆ ಸೊಪ್ಪು ಮುಚ್ಚಿ. ಹಿತ್ತಲಿಗೆ ಸಾಲದೆ ಹೊರಗಿಂದ ತರಿಸುವುದಾದರೆ ಶುಂಠಿ ಬೆಳೆದ ಗದ್ದೆಯ ಮಣ್ಣು ಮಾತ್ರ ಬೇಡ. ಹಾಸನದ ಸುತ್ತ ಅದು ಸುಲಭವಾಗಿ ಸಿಗುತ್ತೆ, ಆದರೆ ಶುಂಠಿಯ ಕೊಳೆ ರೋಗ ಮಣ್ಣಿನಲ್ಲೇ ಉಳಿದು ನಿಮ್ಮ ತರಕಾರಿ ಮಡಿಗೂ ಬರುತ್ತೆ.

ಇನ್ನು ಜನ. ನಮ್ಮಲ್ಲಿ ಮುಯ್ಯಾಳು ಅಂತ ಇತ್ತು, ಈಗಲೂ ಕೆಲವು ಕಡೆ ನಾಟಿ ಟೈಮಲ್ಲಿ ಇದೆ. ಇವತ್ತು ನಮ್ಮ ಗದ್ದೆಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ಯಾರೂ ಬರೆದಿಡಲ್ಲ, ಆದರೆ ಎಲ್ಲರಿಗೂ ನೆನಪಿರುತ್ತೆ. ಬೆಂಗಳೂರಿಂದ ಬರುವ ಹುಡುಗ ತನ್ನ ಗದ್ದೆಗೆ ನಿಮ್ಮನ್ನು ಕರೆಯಲ್ಲ, ಆದರೂ ಮುಯ್ಯಿ ಇದ್ದೇ ಇದೆ. ಅವನಿಗೆ ಹೊತ್ತಿಗೆ ಸರಿಯಾಗಿ ಊಟ, ಶೌಚಾಲಯ, ನೆರಳು, ಒಂದು ಕೆಲಸ ಪೂರ್ತಿ ಕಲಿತ ಖುಷಿ ಕೊಡಬೇಕು. ದಿನವಿಡೀ ಬಾಣಲಿ ಹೊರಿಸಿ ಕಳಿಸಿದರೆ ಮುಂದಿನ ವಾರ ಅವನ ಫೋನ್ ಸ್ವಿಚ್ ಆಫ್. ಅದಕ್ಕೇ ಜಾಗದಲ್ಲಿ ಮೊದಲು ಕಟ್ಟಬೇಕಾದ್ದು ಶೌಚಾಲಯ ಮತ್ತು ಒಲೆ ಇರುವ ಒಂದು ಚಪ್ಪರ. ಒಬ್ಬ ಮೇಸ್ತ್ರಿ ನಾಲ್ಕೈದು ಹೊಸಬರನ್ನು ನೋಡಿಕೊಳ್ಳಬಲ್ಲ. ಹನ್ನೆರಡು ಜನ ಬಂದರೆ ಅವನು ಕೆಲಸವನ್ನೇ ಮಾಡಲ್ಲ, ಆ ದಿನದ ಅವನ ಕೂಲಿ ನಿಮ್ಮ 'ಕೂಲಿ ಇಲ್ಲದ' ಕೆಲಸದ ಖರ್ಚು. ಇಟ್ಟಿಗೆ ಕೆರೆಯೋದು, ಮಣ್ಣು ತುಳಿಯೋದು, ಬ್ಲಾಕ್ ಒತ್ತೋದು, ಮಣ್ಣಿನ ಗಿಲಾವು, ಮಡಿ ಮಾಡೋದು ಅವರಿಗೆ ಕೊಡಿ. ಗೋಡೆಯ ಮೂಲೆ, ಮಾಡು, ಕರೆಂಟು ಬೇಡ. ನಮ್ಮ ಮೇಸ್ತ್ರಿ ಹೇಳ್ತಾರೆ, "ಮೂಲೆ ನಂಗೆ ಬಿಡಿ ಸಾ, ಮಧ್ಯ ಯಾರಾದ್ರೂ ಕಟ್ಲಿ." ಮೂಲೆ ತೂಗುಗುಂಡಿಗೆ ಸರಿಯಾಗಿ ನೆಟ್ಟಗೆ ನಿಂತಿದ್ದರೆ ನಡುವೆ ದಾರ ಕಟ್ಟಿ ಯಾರು ಬೇಕಾದರೂ ಇಟ್ಟಿಗೆ ಇಡಬಹುದು.

ಕಾಲದ ಲೆಕ್ಕ ನಮ್ಮ ಕಡೆ ಸ್ವಲ್ಪ ವಿಚಿತ್ರ. ಕಟ್ಟೋಕೆ ಒಳ್ಳೆಯದು ನವೆಂಬರ್‌ನಿಂದ ಮಾರ್ಚ್. ಕಾಫಿ ಕುಯ್ಲೂ ಆಗಲೇ. ಅರೇಬಿಕಾ ಮುಗಿಯುವ ಹೊತ್ತಿಗೆ ರೊಬಸ್ಟಾ ಶುರು, ಕೂಲಿಯವರು ಎಷ್ಟು ಕೊಟ್ಟರೂ ಸಿಗಲ್ಲ. ಹೊರಗಿನ ಹುಡುಗರು ನಿಜಕ್ಕೂ ಉಪಯೋಗಕ್ಕೆ ಬರುವುದು ಆ ಐದು ತಿಂಗಳಲ್ಲಿ. ಏಪ್ರಿಲ್‌ನಲ್ಲಿ ಗುಡುಗು ಮಳೆ ಬರುತ್ತೆ, ಮೇ ಮಧ್ಯದೊಳಗೆ ಹೆಂಚು ಹೊದಿಸಿ ಮುಗಿದಿರಬೇಕು. ಮೂಡಿಗೆರೆ, ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ಮಳೆ ದೊಡ್ಡ ವಿಷಯವೇ ಅಲ್ಲ, ಮಾಡಿಲ್ಲದ ಮಣ್ಣಿನ ಗೋಡೆ ಒಂದು ಜೂನ್ ತಡೆಯಲ್ಲ. ಕಡೂರು, ಅರಸೀಕೆರೆ ಕಡೆಯವರಿಗೆ ಇಷ್ಟು ಅವಸರ ಇಲ್ಲ.

ಕೆಲವು ಹಳೇ ಸಾಮಾನನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಹಳೇ ಸಿಮೆಂಟ್ ಶೀಟಲ್ಲಿ ಕಲ್ನಾರು ಇರುತ್ತೆ, ಕುಯ್ದರೆ, ಒಡೆದರೆ ಅದರ ಎಳೆ ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಹೋಗುತ್ತೆ, ಕ್ಯಾನ್ಸರ್ ತರುತ್ತೆ. ತರಕಾರಿ ಮಡಿಗೆ ಅಂಚು ಕಟ್ಟಲು ಅದರ ತುಂಡು ಹೂಳುವುದನ್ನು ನೋಡಿದ್ದೇನೆ. ಬೇಡವೇ ಬೇಡ. ಹಳೇ ರೈಲ್ವೆ ಮರದ ಸ್ಲೀಪರೂ ಮಡಿಗೆ ಬೇಡ, ಗೆದ್ದಲು ಬರದಿರಲಿ ಅಂತ ಅದಕ್ಕೆ ಡಾಂಬರಿನ ಜಾತಿಯ ವಿಷದ ಎಣ್ಣೆ ಕುಡಿಸಿರುತ್ತಾರೆ. ಬಣ್ಣ ಬಳಿದ ಹಳೇ ಬಾಗಿಲನ್ನು ಒಣ ಮರಳು ಕಾಗದದಲ್ಲಿ ಉಜ್ಜಿಸಬೇಡಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿದೆಯೋ ಯಾರು ಕಂಡರು? ಒದ್ದೆ ಮಾಡಿ ಕೆರೆಯಿರಿ, ಮಕ್ಕಳನ್ನು ದೂರ ಇಡಿ.

ಇನ್ನೊಂದು ಮಾತನ್ನು ಹೊರಗಿಂದ ಬರುವವರಿಗೆ ಖಂಡಿತ ಹೇಳಿ. ಮಡಿಗೆ ಮುಚ್ಚೋಕೆ ದರಗು, ಅಂದರೆ ಒಣ ಎಲೆ, ಬೇಕು ಅಂತ ಹುಡುಗರನ್ನು ಕಾಡಿಗೆ ಕಳಿಸುತ್ತಾರೆ. ಕೊಪ್ಪ, ಎನ್.ಆರ್. ಪುರದ ಕಡೆ ಮಂಗನ ಕಾಯಿಲೆ ಇದೆ, ಅದು ಕಾಡಿನ ಉಣುಗು ಕಚ್ಚಿ ಬರುವುದು, ಜೋರಾಗುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ದರಗು ಉದುರುವ ಕಾಲದಲ್ಲೇ. ನಿಮ್ಮ ತೋಟದ ಸಿಲ್ವರ್ ಓಕ್ ಎಲೆ, ಗೊಬ್ಬರಗಿಡದ ಸೊಪ್ಪು, ಭತ್ತದ ಹುಲ್ಲು, ಕೊಳೆಸಿದ ಕಾಫಿ ಸಿಪ್ಪೆ ಇದ್ದರೆ ಕಾಡಿನ ದರಗು ಯಾಕೆ?

ಹಿತ್ತಲಿನ ಜಾಗ ಸೂರು ಹೇಳುತ್ತೆ. ನೂರು ಚದರ ಮೀಟರ್ ಮಾಡಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ಒಂದು ಜೋರು ದಿನಕ್ಕೆ 100 ಮಿಲಿಮೀಟರ್ ಸುರಿದರೆ ಹತ್ತು ಸಾವಿರ ಲೀಟರ್ ಸೂರಿನಿಂದ ಬೀಳುತ್ತೆ. ಸೂರಿನಂಚಿಗೆ ನೀರು ಹಿಡಿಯುವ ದಂಬೆ ಕಟ್ಟದಿದ್ದರೆ ಅದು ನಿಮ್ಮ ಗೋಡೆಯ ಬುಡ ಕೊರೆಯುತ್ತೆ. ನೀರು ಹೋಗುವ ದಾರಿಯಲ್ಲಿ ಕೆಸು, ಬಸಳೆ ಹಾಕಿ. ಅರಿಶಿನ, ಜೀರಿಗೆ ಮೆಣಸು ನೀರು ನಿಲ್ಲದ ಎತ್ತರದ ಮಡಿಗೆ, ಅಂಚಿಗೆ ಆ ಮಂಕು ಸದ್ದಿನ ಹೆಂಚುಗಳನ್ನು ನಿಲ್ಲಿಸಿ ಹೂಳಿ. ಸಿಮೆಂಟ್ ಚೂರು ಹೂತ ಜಾಗದಲ್ಲಿ ಮಣ್ಣು ಕ್ಷಾರ ಆಗಿರುತ್ತೆ, ಅಲ್ಲಿ ಕಾಲುದಾರಿ ಮಾಡಿ. ಆಲೂರು, ಸಕಲೇಶಪುರದವರು ಬಾಳೆ, ಹಲಸನ್ನು ಮನೆ ಗೋಡೆ ಪಕ್ಕ ನೆಡಬೇಡಿ. ಆನೆ ಹಣ್ಣಿಗೆ ಬರುತ್ತೆ, ಗೋಡೆ ನಡುವೆ ಇದೆ ಅಂತ ಸುತ್ತಿ ಬರಲ್ಲ. ಸಂಜೆಯಾದ ಮೇಲೆ ಹುಡುಗರನ್ನು ಒಬ್ಬೊಬ್ಬರನ್ನೇ ತೋಟದ ದಾರಿಯಲ್ಲಿ ಬಿಡಲೂಬೇಡಿ.

ಆ ಅಕ್ಕ ಮೊನ್ನೆ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದರು. ಒಂದು ಜೋಡಿ ಬಾಗಿಲು, ನಾಲ್ಕು ಕಿಟಕಿ, ಎರಡು ಕಂಬ. "ಇದಕ್ಕೆ ಎಷ್ಟು ದೊಡ್ಡ ಮನೆ ಆಗುತ್ತೆ ಸರ್?" ಅಂತ ಕೇಳಿದ್ದಾರೆ. ಒಂದು ಕಿಟಕಿಯ ಕಾಲನ್ನು ಗೆದ್ದಲು ತಿಂದಿದೆ. ಅದನ್ನು ಬಿಟ್ಟು ಉಳಿದ ಮೂರರ ಅಳತೆ ಕಳಿಸಿ ಅಂದಿದ್ದೇನೆ.