ಶೆಡ್ಡಿನಲ್ಲಿ ನಿಂತ ಮಾರುತಿ 800: ಕೆಲಸ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಅಪ್ಪನ 1998ರ ಮಾರುತಿ 800 ನಾಲ್ಕೈದು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ಕೆಎ 17 ನಂಬರ್. ಮಾರಲು ಮನಸ್ಸಿಲ್ಲ. ನಾನೇ ಕೆಲಸ ಕಲಿತು ಓಡುವ ಹಾಗೆ ಮಾಡಬೇಕು ಅಂತ ಆಸೆ. ಆದರೆ ಇವತ್ತಿನವರೆಗೂ ಪಾನಾ ಹಿಡಿದವನಲ್ಲ. ಆಗುತ್ತಾ? ಮೊದಲು ಏನು ಮಾಡಲಿ?
ದಾವಣಗೆರೆಯ ಓದುಗರು

ಉತ್ತರ: ಆಗುತ್ತದೆ. ದಾವಣಗೆರೆ ಜಿಲ್ಲೆಯಾದ ಮರುವರ್ಷ ಬಂದ ಗಾಡಿ ಅದು, ಗುಜರಿಗೆ ಹಾಕಬೇಡಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಕಾರು ಸಿಗುವುದು ಕಷ್ಟ. 796 ಸಿಸಿ, ಮೂರೇ ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬುರೇಟರ್. ದೋಷ ಹುಡುಕಲು ಕಂಪ್ಯೂಟರ್ ಸ್ಕ್ಯಾನರ್ ಹಚ್ಚುವ ಗೋಜಿಲ್ಲ. 1983ರ ಕೊನೆಗೆ ಬಂದು 2014ರವರೆಗೆ ತಯಾರಾದ ಕಾರು ಇದು. ಹಾಗಾಗಿ ಸಾಮಾನು ಹುಡುಕುವುದು ಅಷ್ಟೇನೂ ಕಷ್ಟವಲ್ಲ.

ಹೊಸಬರು ಎಡವುವುದು ಕೆಲಸದ ಕ್ರಮದಲ್ಲಿ. ಹೊಸ ಬ್ಯಾಟರಿ ತಂದು, ಸೀದಾ ಸೆಲ್ಫ್ ಹೊಡೆದುಬಿಡುತ್ತಾರೆ. ದಯವಿಟ್ಟು ಅದೊಂದು ಮಾಡಬೇಡಿ. ಇಷ್ಟು ವರ್ಷ ನಿಂತ ಇಂಜಿನ್‌ನಲ್ಲಿ ಸಿಲಿಂಡರ್ ಗೋಡೆಯ ಆಯಿಲ್ ಎಲ್ಲ ಕೆಳಗೆ ಇಳಿದಿರುತ್ತದೆ, ಪಿಸ್ಟನ್ ರಿಂಗ್ ಹತ್ತಿರ ಸಣ್ಣಗೆ ತುಕ್ಕೂ ಹಿಡಿದಿರಬಹುದು. ಒಮ್ಮೆಲೇ ತಿರುಗಿಸಿದರೆ ಬೋರಿಗೆ, ಅಂದರೆ ಸಿಲಿಂಡರ್ ಒಳಗೋಡೆಗೆ, ಗೀರು ಬೀಳುತ್ತದೆ. ಮೂರೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ಮರುದಿನ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ (ಇಂಜಿನ್‌ನ ಮುಖ್ಯ ದಂಡದ ತುದಿಯ ಚಕ್ರ) ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ. ತಿರುಗಿತೋ, ಅರ್ಧ ಭಯ ಹೋಯಿತು. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಇನ್ನೊಂದೆರಡು ದಿನ ಆಯಿಲ್‌ನಲ್ಲೇ ನೆನೆಯಲಿ.

ತಿರುಗಿತು ಅಂತ ಕೂಡಲೇ ಸ್ಟಾರ್ಟ್ ಮಾಡುವ ಆತುರವೂ ಬೇಡ. ಮೊದಲು ಬ್ರೇಕ್. ಗಾಡಿ ಓಡುವುದಕ್ಕಿಂತ ಮುಂಚೆ ನಿಲ್ಲುವುದು ಗ್ಯಾರಂಟಿ ಆಗಬೇಕು, ಅಲ್ವಾ? ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಆ ನೀರಿನಿಂದ ಹಿಂದಿನ ಡ್ರಮ್‌ನೊಳಗಿನ ವೀಲ್ ಸಿಲಿಂಡರ್ ತುಕ್ಕು ಹಿಡಿಯುತ್ತದೆ. ಬ್ರೇಕ್ ಬಿಸಿಯಾದಾಗ ಅದೇ ನೀರು ಕುದಿದು ಪೆಡಲ್ ಮೆತ್ತಗಾಗುತ್ತದೆ. ಹಳೆ ಆಯಿಲ್ ಪೂರ್ತಿ ತೆಗೆಯಿರಿ. ರಬ್ಬರ್ ಹೋಸ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಡ್ರಮ್ ಬಿಚ್ಚಿದಾಗ ಕಾಣುವ ಕಪ್ಪು ಧೂಳನ್ನು ಬಾಯಲ್ಲಾಗಲಿ ಕಂಪ್ರೆಸರ್‌ನಲ್ಲಾಗಲಿ ಊದಬೇಡಿ. ಹಳೆ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಅದು ಉಸಿರಿನೊಳಗೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ಲೀಡಿಂಗ್ (ಬ್ರೇಕ್ ಪೈಪಿನೊಳಗಿನ ಗಾಳಿ ಹೊರಹಾಕುವ ಕೆಲಸ) ಮಾಡುವಾಗ ಪೆಡಲ್ ಒತ್ತಲು ಮನೆಯವರೊಬ್ಬರನ್ನು ಕೂರಿಸಿಕೊಳ್ಳಿ. ಈ ಕೆಲಸ ನೀವೇ ಮಾಡಿದರೂ ಕೊನೆಗೆ ಅನುಭವಸ್ಥ ಮೇಸ್ತ್ರಿಯೊಬ್ಬರಿಗೆ ತೋರಿಸಲೇಬೇಕು. ಇನ್ನೊಂದು ಮಾತು: ಬರೀ ಜಾಕಿ ನಂಬಿ ಗಾಡಿ ಕೆಳಗೆ ನುಸುಳಬೇಡಿ. ಮೊದಲ ಖರ್ಚು ಎತ್ತಿದ ಗಾಡಿಗೆ ಆಧಾರ ಕೊಡುವ ಸ್ಟ್ಯಾಂಡ್‌ಗಳಿಗೇ ಆಗಲಿ, ಪಾನಾ ಸೆಟ್ ಆಮೇಲೆ.

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಕಾರ್ಬುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿರುತ್ತದೆ. ಅದನ್ನು ಖಾಲಿ ಮಾಡಿ, ಕಾರ್ಬುರೇಟರ್ ಇಳಿಸಿ ತೊಳೆಯಿರಿ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. 1998ರ ರಬ್ಬರ್ ಪೈಪ್‌ಗಳನ್ನು ಅದಕ್ಕಾಗಿ ಮಾಡಿಲ್ಲ, ಸೋರಿದರೆ ಬೆಂಕಿಯ ಮಾತು. ಎಥನಾಲ್ ತಡೆಯುವ ಪೈಪ್ ಕೇಳಿ ಹಾಕಿಸಿ. ಇಲ್ಲಿ ಮಾತ್ರ ಡೂಪ್ಲಿಕೇಟ್ ಸಾಮಾನು ಬೇಡವೇ ಬೇಡ.

ತುಕ್ಕಿನ ವಿಷಯದಲ್ಲಿ ನಮ್ಮ ಒಣ ಹವೆ ನಿಮ್ಮ ಪರವಾಗಿದೆ. ಮಂಗಳೂರು ಕಡೆಯ ಗಾಡಿಯಾಗಿದ್ದರೆ ನಾನು ಇಷ್ಟು ಧೈರ್ಯ ಹೇಳುತ್ತಿರಲಿಲ್ಲ. ಆದರೂ ಮ್ಯಾಟ್ ಎತ್ತಿ ಫ್ಲೋರ್ ನೋಡಿ, ಬ್ಯಾಟರಿ ಕೂರುವ ತಟ್ಟೆ ನೋಡಿ, ಜಾಕಿ ಇಡುವ ಜಾಗ ಸ್ಕ್ರೂಡ್ರೈವರ್‌ನಲ್ಲಿ ಒತ್ತಿ ನೋಡಿ. ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಿ. ಟೈರ್ ಮೇಲಿನ ಬಟನ್ ಸವೆದಿಲ್ಲ ಅಂತ ಮೋಸ ಹೋಗಬೇಡಿ. ಪಕ್ಕದಲ್ಲಿರುವ ನಾಲ್ಕಂಕಿ ಓದಿ: 2217 ಅಂದರೆ 2017ರ 22ನೇ ವಾರದ ಟೈರ್. ಪೇಂಟ್, ಸೀಟ್ ಕವರ್ ಎಲ್ಲ ಕಟ್ಟಕಡೆಗೆ. ತುಕ್ಕಿನ ಮೇಲೆ ಪುಟ್ಟಿ ಬಳಿದು ಹೊಳಪು ಕೊಟ್ಟರೆ ದುಡ್ಡು ದಂಡ.

ಎಲ್ಲಿ ಕಲಿಯುವುದು? ಐಟಿಐನಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್ ಎರಡು ವರ್ಷದ್ದು. ಜೀವನಕ್ಕೆ ದಾರಿ ಬೇಕಾದವರಿಗೆ ಅದು ಸರಿ, ನಿಮಗೆ ಜಾಸ್ತಿಯಾಯಿತು. ಕಾರ್ಬುರೇಟರ್ ಗಾಡಿಯಲ್ಲಿ ಪಳಗಿದ ಮೇಸ್ತ್ರಿಯೊಬ್ಬರನ್ನು ಹುಡುಕಿ, ಬಿಡುವಿನ ದಿನ ಗ್ಯಾರೇಜಿಗೆ ಹೋಗಿ ನಿಲ್ಲಿ. ಸುಮ್ನೆ ನೋಡುತ್ತಾ ನಿಲ್ಲಬೇಡಿ, ಪಾನಾ ಎತ್ತಿಕೊಡಿ. ಇಂಜಿನ್ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ ಭಾಗ) ಇಳಿಸುವ ಸಂದರ್ಭ ಬಂದರೆ ಲೇತ್ ಕೆಲಸ ಬಲ್ಲವರಿಗೆ ಬಿಡಿ. ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಹರಿಹರ ಪಕ್ಕದಲ್ಲೇ ಇರುವಾಗ ಹುಡುಕಾಟ ದೂರ ಹೋಗಲಾರದು.

ನೀವು ಕೇಳದೇ ಇದ್ದದ್ದು ಒಂದಿದೆ: ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಿಮ್ಮದು 2013ರಲ್ಲೇ ಒಮ್ಮೆ ಆಗಿರಬೇಕಿತ್ತು. 20 ವರ್ಷ ದಾಟಿದ ಗಾಡಿಗಳಿಗೆ ಈ ಶುಲ್ಕವನ್ನು 2025ರಲ್ಲಿ ಏರಿಸಿದ್ದಾರೆ. ಬಾಕಿ ತೆರಿಗೆ, ದಂಡ ಏನಿದೆ ಅಂತ ಪರಿವಾಹನ್ ತಾಣದಲ್ಲಿ ಮತ್ತು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಮೊದಲ ಬೋಲ್ಟ್ ಬಿಚ್ಚುವ ಮುಂಚೆಯೇ. ಗಾಡಿ ಇನ್ನೂ ಅಪ್ಪನ ಹೆಸರಲ್ಲೇ ಇದ್ದರೆ ನವೀಕರಣದ ಅರ್ಜಿಗೆ ಅವರ ಸಹಿಯೂ ಬೇಕಾಗುತ್ತದೆ.